ಬೆಂಗಳೂರಲ್ಲಿ ಕೆಲಸ, ಅರಸೀಕೆರೆಯಲ್ಲಿ ತವರು: ಹೆರಿಗೆ ಎಲ್ಲಿ ಮಾಡಿಸಿಕೊಳ್ಳಲಿ?

ಪ್ರಶ್ನೆ: ನನಗೆ 23 ವರ್ಷ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮೊದಲ ಬಸಿರು, ಈಗ 16 ವಾರ. ತೂಕ 46 ಕೆಜಿ, ರಕ್ತ 9.4 ಇದೆ ಅಂದರು. ದಿನಕ್ಕೆ ಎರಡು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ತಿಂದರೆ ವಾಕರಿಕೆ, ಹಾಗಾಗಿ ಒಮ್ಮೊಮ್ಮೆ ಬಿಟ್ಟುಬಿಡುತ್ತೇನೆ. ಜಾಸ್ತಿ ತಿಂದರೆ ಮಗು ದಪ್ಪ ಆಗಿ ಆಪರೇಷನ್ ಆಗುತ್ತೆ ಅಂತ ಅತ್ತೆ ಹೇಳುತ್ತಾರೆ. ತವರು ಅರಸೀಕೆರೆ ಹತ್ತಿರದ ಹಳ್ಳಿ, ಏಳನೇ ತಿಂಗಳಿಗೆ ಕರೆದುಕೊಂಡು ಹೋಗುತ್ತೇವೆ ಅಂತ ಅಮ್ಮ ಹಟ ಹಿಡಿದಿದ್ದಾರೆ. ನನ್ನ ಗಂಡ ಆಟೋ ಓಡಿಸುತ್ತಾರೆ. ಸಾಲ ಮಾಡಿಯಾದರೂ ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗೇ ಸೇರಿಸುತ್ತೇನೆ ಅನ್ನುತ್ತಾರೆ. ಸರ್ಕಾರಿ ಆಸ್ಪತ್ರೆ ಅಂದರೆ ನನಗೂ ಭಯ. ಏನು ಮಾಡಲಿ?

ಉತ್ತರ: ಯಾವ ಆಸ್ಪತ್ರೆ ಅಂತ ನೀವು ಕೇಳಿದ್ದೀರಿ. ಅದಕ್ಕೆ ಉತ್ತರ ಕೊಡುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು 9.4ರ ಮೇಲೆ. ಎಲ್ಲಿ ಹೆರಿಗೆಯಾಗಬೇಕು ಅನ್ನುವುದನ್ನು ಅರ್ಧ ತೀರ್ಮಾನ ಮಾಡುವುದೇ ಆ ಅಂಕಿ. ಹಾಗಾಗಿ ಮೊದಲು ಅದರಿಂದಲೇ ಶುರು ಮಾಡೋಣ.

ಬಸುರಿಯಲ್ಲಿ ಹಿಮೋಗ್ಲೋಬಿನ್ 11 ಆದರೂ ಇರಬೇಕು. 7ರಿಂದ 10ರ ಒಳಗೆ ಇದ್ದರೆ ಮಧ್ಯಮ ಮಟ್ಟದ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ಅಪಾಯ, ಆಸ್ಪತ್ರೆಗೆ ಸೇರಿಯೇ ಚಿಕಿತ್ಸೆ ಪಡೆಯಬೇಕಾಗುತ್ತದೆ. 9.4 ಅಂದ ತಕ್ಷಣ ಹೆದರಬೇಡಿ. ನಿಮ್ಮಂಥವರು ಬಹಳ ಜನ ಇದ್ದಾರೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಜಾಸ್ತಿ ಮಂದಿಗೆ ರಕ್ತ ಕಡಿಮೆ ಇದೆ. ಎಲ್ಲರಿಗೂ ಇದೆಯಲ್ಲ ಅಂತ ಸುಮ್ಮನಿರುವ ಹಾಗೂ ಇಲ್ಲ. ನಮ್ಮ ದೇಶದಲ್ಲಿ ಹೆರಿಗೆಯಲ್ಲಿ ತಾಯಂದಿರು ಸಾಯಲು ಮೊದಲ ಕಾರಣ ರಕ್ತಸ್ರಾವ. ಮಗು ಹುಟ್ಟುವಾಗ ಅರ್ಧ ಲೀಟರ್‌ವರೆಗೆ ರಕ್ತ ಹೋಗುವುದು ಸಹಜ. 11 ಇರುವ ಹೆಂಗಸು ಅದನ್ನು ತಡೆದುಕೊಳ್ಳುತ್ತಾಳೆ. ಒಂಬತ್ತಕ್ಕಿಂತ ಕೆಳಗಿರುವವಳಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಹೋದರೂ ಕಷ್ಟ. ಅಂಥವಳಿಗೆ ರಕ್ತ ಕೈಗೆ ಸಿಗುವ ಜಾಗದಲ್ಲೇ ಹೆರಿಗೆ ಆಗಬೇಕು. ಅಂದರೆ ನಿಮ್ಮ ರಕ್ತ ಏರಿದಷ್ಟೂ ನಿಮ್ಮ ಆಯ್ಕೆಗಳು ಜಾಸ್ತಿಯಾಗುತ್ತವೆ.

ಡಾಕ್ಟರು ಎರಡು ಮಾತ್ರೆ ಬರೆದಿದ್ದು ಸರಿಯಾಗಿಯೇ ಇದೆ. ರಕ್ತ ಸರಿ ಇರುವ ಬಸುರಿಗೆ ದಿನಕ್ಕೆ ಒಂದು, ಕಡಿಮೆ ಇದ್ದರೆ ಎರಡು. ಸರ್ಕಾರ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್ ಇರುತ್ತದೆ. ವಾಕರಿಕೆ ಬರುವುದು ನಿಜ, ಮಲ ಕಪ್ಪಾಗುವುದೂ ನಿಜ. ಮಲ ಕಪ್ಪಾದರೆ ಗಾಬರಿ ಬೇಡ, ಅದರಿಂದ ತೊಂದರೆ ಇಲ್ಲ. ಮಾತ್ರೆ ತಿಂದರೆ ಮಗು ಕಪ್ಪಾಗುತ್ತೆ ಅಂತ ಹೇಳುವವರೂ ನಿಮ್ಮ ಊರಲ್ಲಿ ಇರಬಹುದು. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವೇ ಇಲ್ಲ.

ತಿನ್ನುವ ಹೊತ್ತು ಬದಲಿಸಿ ನೋಡಿ. ಬಹಳ ಜನ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗಿ ಮೇಲೆ ಕಾಫಿ ಕುಡಿಯುತ್ತಾರೆ. ಹಾಗೆ ಮಾಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಈ ಎರಡು ಬಗೆಯ ಮಾತ್ರೆಗಳ ನಡುವೆ ಎರಡು ಗಂಟೆಯಾದರೂ ಬಿಡುವಿರಲಿ. ಕಬ್ಬಿಣದ ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ, ಹಾಲು ಬೇಡ. ನಿಮ್ಮ ದಿನಕ್ಕೆ ಇದನ್ನು ಹೀಗೆ ಹೊಂದಿಸಬಹುದು: ಬೆಳಗ್ಗೆ ತಿಂಡಿ ತಿಂದು ಕ್ಯಾಲ್ಸಿಯಂ. ಹನ್ನೊಂದರ ಸುಮಾರಿಗೆ ಕಂಪನಿಯಲ್ಲಿ ಟೀ ಬಿಡುವಾದಾಗ, ಟೀ ಬದಲು ಒಂದು ಕಬ್ಬಿಣದ ಮಾತ್ರೆ ಮತ್ತು ನಿಂಬೆಹಣ್ಣಿನ ನೀರು. ರಾತ್ರಿ ಊಟದ ಜೊತೆ ಎರಡನೇ ಕ್ಯಾಲ್ಸಿಯಂ. ಅದಾಗಿ ಎರಡು ಗಂಟೆ ಬಿಟ್ಟು, ಮಲಗುವ ಮುಂಚೆ ಎರಡನೇ ಕಬ್ಬಿಣ. ಮಲಗುವ ಹೊತ್ತಿಗೆ ತಿಂದರೆ ವಾಕರಿಕೆ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಮಲಬದ್ಧತೆ ಆದರೆ ನೀರು, ಸೊಪ್ಪು, ಬಾಳೆಹಣ್ಣು ಜಾಸ್ತಿ ಮಾಡಿ. ಒಮ್ಮೆ ಹುಳುವಿನ ಮಾತ್ರೆಯನ್ನೂ ಕೊಡುತ್ತಾರೆ. ಮೂರು ತಿಂಗಳು ಕಳೆದ ಮೇಲೆ ಅದು ಸುರಕ್ಷಿತ.

ಇಷ್ಟು ಮಾಡಿದರೆ ತಿಂಗಳಿಗೆ ಸುಮಾರು ಒಂದು ಗ್ರಾಂ ಏರಬೇಕು. ನಾಲ್ಕು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಏರದಿದ್ದರೆ ಯಾಕೆ ಅಂತ ಡಾಕ್ಟರನ್ನು ಕೇಳಬೇಕು. ಕೆಲವರಿಗೆ ವಿಟಮಿನ್ ಬಿ12 ಕಡಿಮೆ ಇರುತ್ತದೆ. ಕೆಲವರಿಗೆ ಹುಟ್ಟಿನಿಂದ ಬಂದ ರಕ್ತದ ದೋಷ ಇರುತ್ತದೆ. ಮಾತ್ರೆ ಮೈಗೆ ಒಗ್ಗದವರಿಗೆ ನರದ ಮೂಲಕ ಕಬ್ಬಿಣದ ಡ್ರಿಪ್ ಕೊಡುತ್ತಾರೆ, ಸರ್ಕಾರಿ ಆಸ್ಪತ್ರೆಯಲ್ಲೂ ಕೊಡುತ್ತಾರೆ. ಒಂಬತ್ತನೇ ತಿಂಗಳವರೆಗೆ ಕಾದು ಆಮೇಲೆ ರಕ್ತ ಹಾಕಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಒಳ್ಳೆಯದು. ಇನ್ನೊಂದು ವಿಷಯ. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನುವ ಬಯಕೆ ಏನಾದರೂ ಇದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ. ಅದು ರಕ್ತ ಕಡಿಮೆಯಾದವರಲ್ಲಿ ಕಾಣುವ ಲಕ್ಷಣ.

ಈಗ ಅತ್ತೆಯವರ ಮಾತು. ಅವರು ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ. ಅವರ ಕಾಲದಲ್ಲಿ ಆಪರೇಷನ್ ಅಂದರೆ ಜೀವ ಹೋಗುವ ಭಯ ಇತ್ತು. ಆದರೆ 46 ಕೆಜಿ ತೂಕದ ನೀವು ಕಡಿಮೆ ತಿಂದರೆ ಹೆರಿಗೆ ಸಲೀಸಾಗುವುದಿಲ್ಲ. ಮಗುವಿನ ತೂಕ ಎರಡೂವರೆ ಕೆಜಿಗಿಂತ ಕಡಿಮೆಯಾಗಬಹುದು, ಹೆರುವಾಗ ನಿಮಗೇ ಶಕ್ತಿ ಸಾಲದೆ ಹೋಗಬಹುದು. ಮಗು ವಿಪರೀತ ದಪ್ಪ ಆಗುವುದು ಹೆಚ್ಚಾಗಿ ತಾಯಿಗೆ ಸಕ್ಕರೆ ಕಾಯಿಲೆ ಇದ್ದಾಗ. ಅದನ್ನು ರಕ್ತ ಪರೀಕ್ಷೆಯಿಂದ ಕಂಡುಹಿಡಿಯಬೇಕು. ಊಟ ಬಿಡುವುದು ಅದಕ್ಕೆ ಪರಿಹಾರ ಅಲ್ಲ. ನಿಮ್ಮ ತೂಕ ಹೆರಿಗೆ ಹೊತ್ತಿಗೆ ಸುಮಾರು 10ರಿಂದ 12 ಕೆಜಿ ಏರಬೇಕು. ಮುಂದಿನ ಸಲ ಪರೀಕ್ಷೆಗೆ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ, ಇದನ್ನು ಡಾಕ್ಟರ ಬಾಯಿಂದಲೇ ಹೇಳಿಸಿ. ಸೊಸೆ ಹೇಳುವುದಕ್ಕೂ ಡಾಕ್ಟರು ಹೇಳುವುದಕ್ಕೂ ಮನೆಯಲ್ಲಿ ಬೆಲೆ ಬೇರೆ ಬೇರೆ, ಅಲ್ವಾ?

ಊಟಕ್ಕೆ ದುಬಾರಿ ಪೌಡರ್ ಡಬ್ಬಿ ಬೇಕಿಲ್ಲ. ರಾಗಿ ಮುದ್ದೆ, ಹುರುಳಿ ಸಾರು, ನುಗ್ಗೆ ಸೊಪ್ಪು, ದಂಟು, ಬೇಳೆ, ಮೊಸರು, ದಿನಕ್ಕೊಂದು ಮೊಟ್ಟೆ. ಮಾಂಸ ತಿನ್ನುವವರಾದರೆ ವಾರಕ್ಕೆರಡು ಸಲ ಮಾಂಸವೋ ಮೀನೋ. ಸೊಪ್ಪಿನ ಜೊತೆ ನಿಂಬೆ ಹಿಂಡಿದರೆ ಅದರ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಬೆಲ್ಲ ತಿಂದರೆ ರಕ್ತ ಏರುತ್ತೆ ಅನ್ನುವುದನ್ನು ನಂಬಿ ಮಾತ್ರೆ ಬಿಡಬೇಡಿ. ದಿನದ ಊಟದ ಮೇಲೆ ಇನ್ನೊಂದು ಸಣ್ಣ ಊಟದಷ್ಟು ಸೇರಿದರೆ ಸಾಕು. ಪರಂಗಿ ಹಣ್ಣು ಚೆನ್ನಾಗಿ ಕಳಿತಿದ್ದರೆ ತಿನ್ನಬಹುದು, ಕಾಯಿ ಬೇಡ. ಎಲೆ ಅಡಿಕೆ, ಕಡ್ಡಿಪುಡಿ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಕೇಸರಿ ಹಾಲಿಗೆ ದುಡ್ಡು ಹಾಕುವ ಬದಲು ಅದೇ ದುಡ್ಡಿಗೆ ಮೊಟ್ಟೆ ತನ್ನಿ.

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಬಸುರಿಯರಿಗೆ ನಾನು ತಪ್ಪದೇ ಹೇಳುವ ಒಂದು ಮಾತಿದೆ. ಟಾರ್ಗೆಟ್ ತಪ್ಪುತ್ತದೆ, ಸೂಪರ್‌ವೈಸರ್ ಬೈಯುತ್ತಾರೆ ಅಂತ ಅನೇಕರು ನೀರೇ ಕುಡಿಯುವುದಿಲ್ಲ, ಉಚ್ಚೆ ಬಂದರೂ ತಡೆದುಕೊಂಡು ಕೂರುತ್ತಾರೆ. ಬಸಿರಲ್ಲಿ ಇದರಿಂದ ಮೂತ್ರದ ಸೋಂಕು ಬೇಗ ಆಗುತ್ತದೆ. ಅದು ಕಿಡ್ನಿಗೆ ಏರಿದರೆ ಚಳಿ ಜ್ವರ ಬರುತ್ತದೆ, ತಿಂಗಳು ತುಂಬುವ ಮೊದಲೇ ನೋವು ಶುರುವಾಗಬಹುದು. ನೀರಿನ ಬಾಟಲಿ ಮೆಷಿನ್ ಹತ್ತಿರವೇ ಇಟ್ಟುಕೊಳ್ಳಿ. ಎರಡು ಗಂಟೆಗೊಮ್ಮೆ ಎದ್ದು ಹೋಗಿ ಬನ್ನಿ, ಹಾಗೇ ನಾಲ್ಕು ಹೆಜ್ಜೆ ನಡೆಯಿರಿ. ಒಂದೇ ಕಡೆ ಕಾಲು ಇಳಿಬಿಟ್ಟು ಕೂತರೆ ಊತವೂ ಜಾಸ್ತಿ. ಬೇಕಾದರೆ ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿ ಕಂಪನಿಗೆ ಕೊಡಿ. ಬಸುರಿ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ಚೀಟಿ ಕೊಡಲು ಹೆದರಬೇಡಿ.

ಈಗ ಆಸ್ಪತ್ರೆ ವಿಚಾರಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆಯ ಮಾತೇ ಇಲ್ಲ. ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಆಗುತ್ತಿದೆಯಾ ನೋಡಿ. ತಿಂಗಳ ಸಂಬಳ 21,000ದ ಒಳಗಿರುವ ಗಾರ್ಮೆಂಟ್ಸ್ ಕೆಲಸಗಾರರಿಗೆ ಸಾಮಾನ್ಯವಾಗಿ ಇರುತ್ತದೆ. ಹಾಗಿದ್ದರೆ ಪೀಣ್ಯದಲ್ಲಿ, ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಅಲ್ಲಿ ಹೆರಿಗೆಗೆ ನೀವು ದುಡ್ಡು ಕೊಡಬೇಕಿಲ್ಲ, ಈಗಾಗಲೇ ಪ್ರತಿ ತಿಂಗಳ ಸಂಬಳದಲ್ಲಿ ಕೊಟ್ಟಿದ್ದೀರಿ. ಅದರ ಜೊತೆಗೆ ಮೊದಲ ಎರಡು ಹೆರಿಗೆಗೆ 26 ವಾರದ ರಜೆ, ಆ ದಿನಗಳಿಗೆ ಸಂಬಳದಷ್ಟೇ ಹಣವೂ ಇಎಸ್‌ಐನಿಂದ ಬರುತ್ತದೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) ಸೇರಿ ಕನಿಷ್ಠ 70 ದಿನದ ವಂತಿಗೆ ಕಟ್ಟಿರಬೇಕು. ಈ 26 ವಾರದಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ಅಂದರೆ 32ನೇ ವಾರದಿಂದ. ಏಳನೇ ತಿಂಗಳಿಗೇ ಊರಿಗೆ ಹೋದರೆ ನಡುವಿನ ಕೆಲವು ವಾರಗಳ ಸಂಬಳ ಕೈಬಿಟ್ಟು ಹೋಗುತ್ತದೆ. ಇದನ್ನು ಅಮ್ಮನಿಗೆ ಹೇಳಿದರೆ ಅವರಿಗೂ ಅರ್ಥವಾಗುತ್ತದೆ.

ಸಾಲ ಮಾಡಿ ಖಾಸಗಿಗೆ ಹೋಗುವುದು ನಿಮ್ಮ ಸ್ಥಿತಿಯಲ್ಲಿ ಬೇಡ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಒಳ್ಳೆಯ ಖಾಸಗಿ ಆಸ್ಪತ್ರೆಗಳು ಖಂಡಿತ ಇವೆ. ಆದರೆ ದೊಡ್ಡ ಕಟ್ಟಡ, ಎಸಿ ರೂಮು ನೋಡಿ ಸುರಕ್ಷಿತ ಅಂದುಕೊಳ್ಳಬಾರದು. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ರಾಜ್ಯದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 31 ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಅದು ಅರ್ಧಕ್ಕಿಂತಲೂ ಜಾಸ್ತಿ. ಸಿಸೇರಿಯನ್ ಬೇಕಾದಾಗ ತಾಯಿ ಮಗುವಿನ ಜೀವ ಉಳಿಸುತ್ತದೆ, ಅದನ್ನು ಬೇಡ ಅನ್ನಬಾರದು. ಆದರೆ ಮೊದಲ ಹೆರಿಗೆಯಲ್ಲೇ ಕಾರಣವಿಲ್ಲದೆ ಕೊಯ್ದರೆ ಮುಂದಿನ ಪ್ರತಿ ಬಸಿರಲ್ಲೂ ಅಪಾಯ ಸ್ವಲ್ಪ ಏರುತ್ತದೆ.

ಸರ್ಕಾರಿ ಆಸ್ಪತ್ರೆ ಬಗ್ಗೆ ನಿಮಗಿರುವ ಭಯ ನನಗೆ ಅರ್ಥವಾಗುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ತೀರಿಕೊಂಡರು, ಅವರಿಗೆ ಹಾಕಿದ ಡ್ರಿಪ್‌ನ ಗುಣಮಟ್ಟದ ಮೇಲೆಯೇ ಅನುಮಾನ ಬಂತು. ಆ ಸುದ್ದಿ ಓದಿದ ಯಾವ ಬಸುರಿಗಾದರೂ ಎದೆ ನಡುಗುತ್ತದೆ. ನನಗೂ ಸಂಕಟವಾಗಿದೆ. ನಮ್ಮ ರಾಜ್ಯ ಇನ್ನೂ ಸುಧಾರಿಸಬೇಕು. 2018-20ರ ಲೆಕ್ಕದಲ್ಲಿ ಒಂದು ಲಕ್ಷ ಹೆರಿಗೆಗೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತಿದ್ದಾರೆ, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಜಾಸ್ತಿ. ಇಷ್ಟಾದರೂ, ಗಂಭೀರವಾದ ಬಸುರಿಯರನ್ನು ಚಿಕ್ಕ ನರ್ಸಿಂಗ್ ಹೋಮ್‌ಗಳು ಕೊನೆಗೆ ಕಳಿಸುವುದು ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಹಾಸನದ ಹಿಮ್ಸ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳಿಗೇ. ಯಾಕೆಂದರೆ ಹಗಲೂ ರಾತ್ರಿ ಡಾಕ್ಟರು, ರಕ್ತ, ಎಳೆ ಮಗುವಿನ ಐಸಿಯು ಎಲ್ಲವೂ ಒಂದೇ ಆವರಣದಲ್ಲಿ ಇರುವುದು ಅಲ್ಲಿ.

ಹಾಗಾಗಿ ಸರ್ಕಾರಿನಾ ಖಾಸಗಿನಾ ಅಂತ ಯೋಚಿಸುವ ಮುಂಚೆ ಒಂದು ಪ್ರಶ್ನೆ ಕೇಳಿ: ರಾತ್ರಿ ಎರಡು ಗಂಟೆಗೆ ನೋವು ಬಂದರೆ ಇಲ್ಲಿ ಯಾರಿರುತ್ತಾರೆ? ಹಗಲು ಹೊರರೋಗಿ ವಿಭಾಗದಲ್ಲಿ ನಿಮ್ಮನ್ನು ನೋಡುವ ಡಾಕ್ಟರು ರಾತ್ರಿ ಎಷ್ಟು ದೂರದಲ್ಲಿ ಇರುತ್ತಾರೆ? ಅನಸ್ತೇಷಿಯಾ ಡಾಕ್ಟರು ಅದೇ ಊರಿನಲ್ಲಿ ಇದ್ದಾರಾ, ಬೇರೆ ಕಡೆಯಿಂದ ಬರಬೇಕಾ? ಮಕ್ಕಳ ಡಾಕ್ಟರು ಇದ್ದಾರಾ? ನಿಮ್ಮ ಗುಂಪಿನ ರಕ್ತ ಅಲ್ಲೇ ಇದೆಯಾ? ಈ ನಾಲ್ಕಕ್ಕೆ ನೇರ ಉತ್ತರ ಸಿಕ್ಕರೆ ಅದು ಒಳ್ಳೆಯ ಆಸ್ಪತ್ರೆ. "ಅವೆಲ್ಲ ನಾವು ನೋಡ್ಕೋತೀವಿ ಬಿಡಿ" ಅಂದರೆ ಬೇರೆ ಕಡೆ ನೋಡಿ. ಡಾಕ್ಟರು ಒಳ್ಳೆಯವರಾ ಅಂತ ತಿಳಿಯಲು ಇನ್ನೊಂದು ಗುರುತು: ಪ್ರತಿ ಸಲ ಬಿಪಿ ನೋಡುತ್ತಾರಾ, ಹೊಟ್ಟೆ ಮುಟ್ಟಿ ನೋಡುತ್ತಾರಾ, ನೀವು ಕೇಳಿದ್ದಕ್ಕೆ ಸಿಡುಕದೆ ಉತ್ತರ ಕೊಡುತ್ತಾರಾ. ಬಿಪಿ ನೋಡದೆ ಬರೀ ಸ್ಕ್ಯಾನಿಂಗ್ ಬರೆದು ಕಳಿಸುವವರ ಹತ್ತಿರ ನಾನಾದರೆ ಹೋಗುವುದಿಲ್ಲ.

ಅರಸೀಕೆರೆ ತಾಲ್ಲೂಕು ಆಸ್ಪತ್ರೆಯ ವಿಷಯದಲ್ಲಿ ಈ ಪ್ರಶ್ನೆಗಳನ್ನು ನಿಮ್ಮ ಅಮ್ಮನ ಊರಿನ ಆಶಾ ಕಾರ್ಯಕರ್ತೆಗೆ ಕೇಳಿಸಿ. ಅವರಿಗೆ ಎಲ್ಲ ಗೊತ್ತಿರುತ್ತದೆ. ಹೋದ ತಿಂಗಳು ಎಷ್ಟು ಜನರನ್ನು ಹಾಸನಕ್ಕೆ ಕಳಿಸಿದರು, ಯಾಕೆ ಕಳಿಸಿದರು ಅಂತಲೂ ಕೇಳಿ. ಹಾಸನ ಅಲ್ಲಿಂದ ಸುಮಾರು 40 ಕಿಲೋಮೀಟರ್. ನೋವು ತಿನ್ನುತ್ತಾ, ರಕ್ತ ಹೋಗುತ್ತಾ ಸಾಗುವವಳಿಗೆ ಆ ದಾರಿ ಬಹಳ ಉದ್ದ.

ತವರಿಗೆ ಹೋಗುವ ಪದ್ಧತಿ ಒಳ್ಳೆಯದೇ. ಅಮ್ಮನ ಕೈಯ ಬಾಣಂತನಕ್ಕೆ ಸಮ ಯಾವುದೂ ಇಲ್ಲ. ಆದರೆ ನಮ್ಮಲ್ಲಿ ಆರೈಕೆಯ ದಾರ ತುಂಡಾಗುವುದೂ ಇಲ್ಲೇ. ಆರೇಳು ತಿಂಗಳು ಒಬ್ಬ ಡಾಕ್ಟರು ನೋಡಿರುತ್ತಾರೆ. ಸೀಮಂತ ಆದ ಮೇಲೆ ಊರಿಗೆ ಹೋಗಿ, ನೋವು ಬರುವವರೆಗೆ ಯಾರಿಗೂ ತೋರಿಸುವುದಿಲ್ಲ. ಬಿಪಿ ಏರುವುದು, ಮಗುವಿನ ಬೆಳವಣಿಗೆ ಕುಂಠಿತವಾಗುವುದು ಹೆಚ್ಚಾಗಿ ಆ ಕೊನೆಯ ತಿಂಗಳುಗಳಲ್ಲೇ. ಅದಕ್ಕೇ ತಾಯಿ ಕಾರ್ಡ್ ನಿಮ್ಮ ಕೈಚೀಲದಲ್ಲೇ ಇರಲಿ. ಇನ್ನೂ ಮಾಡಿಸದಿದ್ದರೆ ಈ ವಾರವೇ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾಡಿಸಿ. ಎಲ್ಲ ವರದಿಗಳ ಫೋಟೋ ಫೋನಿನಲ್ಲೂ ಇರಲಿ.

ನಿಮ್ಮ ದಿನಚರಿಗೆ ತಕ್ಕಂತೆ ಹೇಳುವುದಾದರೆ ಹೀಗೆ. 18ರಿಂದ 20ನೇ ವಾರದೊಳಗೆ ಬೆಂಗಳೂರಿನಲ್ಲೇ ಮಗುವಿನ ಅಂಗಾಂಗ ನೋಡುವ ಸ್ಕ್ಯಾನಿಂಗ್. ಗಂಡೋ ಹೆಣ್ಣೋ ಕೇಳಬೇಡಿ, ಹೇಳುವುದೂ ಕೇಳುವುದೂ ಅಪರಾಧ. 24ರಿಂದ 28ನೇ ವಾರದಲ್ಲಿ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ. ಎರಡು ಗಂಟೆಯ ನಂತರ 140 ಅಥವಾ ಹೆಚ್ಚು ಬಂದರೆ ಚಿಕಿತ್ಸೆ ಬೇಕು. ಧನುರ್ವಾಯು, ಡಿಫ್ತೀರಿಯಾ ತಡೆಯುವ ಟಿಡಿ ಚುಚ್ಚುಮದ್ದು ಎರಡು ಡೋಸ್, ನಾಲ್ಕು ವಾರದ ಅಂತರದಲ್ಲಿ. ರಕ್ತದ ಗುಂಪು ನೆಗೆಟಿವ್ ಇದ್ದು ಗಂಡನದ್ದು ಪಾಸಿಟಿವ್ ಆಗಿದ್ದರೆ 28ನೇ ವಾರಕ್ಕೆ ಬೇರೆ ಒಂದು ಇಂಜೆಕ್ಷನ್ ಬೇಕಾಗುತ್ತದೆ, ಕೇಳಿ ಇಟ್ಟುಕೊಳ್ಳಿ.

28ನೇ ವಾರದ ಆಸುಪಾಸಿನಲ್ಲಿ ಒಮ್ಮೆ ಊರಿಗೆ ಹೋಗಿ ಬನ್ನಿ. ಯಶವಂತಪುರದಿಂದ ಅರಸೀಕೆರೆಗೆ ಎಕ್ಸ್‌ಪ್ರೆಸ್ ರೈಲಿನಲ್ಲಿ ಮೂರು ಗಂಟೆಯೊಳಗೆ ಮುಟ್ಟಬಹುದು. ಬಸ್ಸಿಗಿಂತ ರೈಲೇ ಒಳ್ಳೆಯದು, ಕುಲುಕಾಟ ಕಡಿಮೆ, ಶೌಚಾಲಯವೂ ಇರುತ್ತದೆ. ಆ ತಿಂಗಳ 9ನೇ ತಾರೀಕಿಗೆ ಹೊಂದಿಸಿಕೊಂಡರೆ ಇನ್ನೂ ಚೆನ್ನ. ಪ್ರತಿ ತಿಂಗಳು 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಉಚಿತವಾಗಿ ನೋಡುತ್ತಾರೆ. ಅಲ್ಲಿ ಹೆಸರು ಬರೆಸಿ, ಹೆರಿಗೆ ಕೋಣೆ ನೋಡಿ, ವಾಪಸ್ ಬನ್ನಿ. ಆಮೇಲೆ 32-34ನೇ ವಾರಕ್ಕೆ ರಜೆ ಹಾಕಿ ತವರಿಗೆ ಹೋಗಿ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ, ಹಾಲು, ಮೊಟ್ಟೆ ಸಿಗುತ್ತದೆ, ಸಂಕೋಚ ಬೇಡ.

ಆ ಹೊತ್ತಿಗೆ ರಕ್ತ 11ರ ಹತ್ತಿರ ಬಂದು, ಬಿಪಿ, ಸಕ್ಕರೆ ಸರಿ ಇದ್ದು, ಮಗುವಿನ ತಲೆ ಕೆಳಗಿದ್ದು, ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಡಾಕ್ಟರು ಇರುತ್ತಾರೆ ಅಂತ ಖಾತ್ರಿಯಾದರೆ ಅರಸೀಕೆರೆಯಲ್ಲೇ ಹೆರಿಗೆ ಆಗಲಿ. ಇವುಗಳಲ್ಲಿ ಒಂದು ತಪ್ಪಿದರೂ ಹಾಸನದ ದೊಡ್ಡಾಸ್ಪತ್ರೆಯಲ್ಲಿ ಹೆಸರು ಬರೆಸಿ, ದಿನ ಹತ್ತಿರವಾದಾಗ ಹಾಸನದಲ್ಲಿ ಯಾರಾದರೂ ನೆಂಟರ ಮನೆಯಲ್ಲಿ ಉಳಿಯಿರಿ. ರಕ್ತ 9ರ ಕೆಳಗೇ ಇದ್ದರೆ, ಬಿಪಿ 140/90 ಮುಟ್ಟಿದರೆ, ಪ್ರಯಾಣವೇ ಬೇಡ. ಬೆಂಗಳೂರಿನಲ್ಲೇ ಇರಿ, ಅಮ್ಮನನ್ನೇ ಕರೆಸಿಕೊಳ್ಳಿ. ಮನೆಯಲ್ಲಿ ಹೆರಿಗೆ ಮಾತ್ರ ಯಾವ ಕಾರಣಕ್ಕೂ ಬೇಡ.

ಖರ್ಚಿನ ಮಾತು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ. ಅದರ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಪರೀಕ್ಷೆ, ಊಟ ಎಲ್ಲ ಉಚಿತ. ಮಗು ಹುಟ್ಟಿದ ಮೇಲೆ ಮನೆಗೆ ಬಿಡಲು ನಗು-ಮಗು ವಾಹನವೂ ಇದೆ. ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ ವಾರ್ಡಿನಲ್ಲಿ ಯಾರಾದರೂ ಕೈ ಚಾಚಿದರೆ ಕೊಡಬೇಡಿ, ಆಸ್ಪತ್ರೆಯ ಮುಖ್ಯಸ್ಥರಿಗೆ ದೂರು ಕೊಡಿ. ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬ ಹೆಂಗಸು ಇರಲು ಅವಕಾಶ ಇದೆ, ಅಮ್ಮ ಇರಲಿ ಅಂತ ಮೊದಲೇ ಕೇಳಿಕೊಳ್ಳಿ. ನಿಮ್ಮ ಗಂಡ ಸಾಲಕ್ಕೆ ಓಡಾಡುವ ಬದಲು, ಅದೇ ರಕ್ತದ ಗುಂಪಿನ ಇಬ್ಬರು ಗೆಳೆಯರನ್ನು ಹೇಳಿ ಇಟ್ಟಿರಲಿ.

ಇನ್ನು, ಈ ಕೆಳಗಿನವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ: ಸ್ವಲ್ಪವೇ ಆದರೂ ರಕ್ತ ಕಾಣುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ಎದೆಗುಂಡಿಗೆಯ ಕೆಳಗೆ ನೋವು, ನೀರು ಹೋಗುವುದು, ಜ್ವರ, ಫಿಟ್ಸ್. ಏಳನೇ ತಿಂಗಳಿನಿಂದ ಮಗುವಿನ ಓಡಾಟ ದಿನವೂ ಗಮನಿಸಿ. ಎಂದಿಗಿಂತ ಕಡಿಮೆ ಅನ್ನಿಸಿದರೆ ಅವತ್ತೇ ಹೋಗಿ ತೋರಿಸಿ. 108ಕ್ಕೆ ಫೋನ್ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ. ಆದರೆ ಹಳ್ಳಿಗೆ ಬರಲು ತಡವಾಗಬಹುದು, ಅದಕ್ಕೇ ಊರಲ್ಲಿ ಕಾರು ಇರುವ ಒಬ್ಬರಿಗೆ ಮೊದಲೇ ಹೇಳಿಟ್ಟಿರಿ.

ಮುಂದಿನ ರಕ್ತ ಪರೀಕ್ಷೆ ಆದ ಮೇಲೆ ಮತ್ತೆ ಬರೆಯಿರಿ. ಎಷ್ಟಕ್ಕೆ ಏರಿತು, ಆಶಾ ಏನು ಹೇಳಿದರು ಅಂತ ಎರಡೂ ತಿಳಿಸಿ. ಡ್ರಿಪ್ ಬೇಕಾ ಬೇಡವಾ ಅಂತ ಆಗ ಮಾತಾಡೋಣ.